ವಿಧುರನ ಮನೆಯಲ್ಲಿ ನಗು ಹುಟ್ಟುವ ಬಗೆ

ಕಥೆ ಶುರುವಾಗುವ ಹೊತ್ತಿಗೆ ಸಾವು ಆಗಿಹೋಗಿರುತ್ತದೆ. ಗೋಡೆಯ ಮೇಲೆ ಒಂದು ಫೋಟೊ. ಮನೆಯಲ್ಲಿ ಒಬ್ಬ ಗಂಡಸು, ಅವನ ಮಕ್ಕಳು, ಆಗಾಗ ಬಂದುಹೋಗುವ ತಾಯಿಯೋ ಅತ್ತೆಯೋ. ಕಪಾಟಿನಲ್ಲಿ ಯಾರೂ ಮುಟ್ಟದ ಬಟ್ಟೆಗಳು. ಇಷ್ಟನ್ನು ನೋಡಿದರೆ ಕಣ್ಣೀರಿನ ಕಥೆಯೇ ಬರಲಿದೆ ಎನ್ನಿಸಬೇಕು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೊಸ ಹೆಂಗಸೊಬ್ಬಳು ಎದುರಾಗುತ್ತಾಳೆ, ಆ ಗಂಡಸು ಮಾತು ಬಾರದೆ ತಡವರಿಸುತ್ತಾನೆ, ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ, ನಾವು ನಗುತ್ತಿರುತ್ತೇವೆ.

ಹೆಂಡತಿಯನ್ನು ಕಳೆದುಕೊಂಡವನು, ಅಂದರೆ ವಿಧುರ, ಮತ್ತೆ ಪ್ರೀತಿಗೆ ಬೀಳುವ ಪ್ರಣಯ ಹಾಸ್ಯ ಸಿನಿಮಾದಲ್ಲಿ ಹಳೆಯದು, ಮತ್ತೆ ಮತ್ತೆ ಬರುವಂಥದ್ದು. ಹಗುರವಾದ ಮನರಂಜನೆ ಎಂದು ಇದನ್ನು ಪಕ್ಕಕ್ಕಿಡುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಕಥೆ ಕಟ್ಟುವ ಕೆಲಸದಲ್ಲಿ ಇಷ್ಟು ನಾಜೂಕಾದ ಹದವನ್ನು ಬೇಡುವ ಪ್ರಕಾರಗಳು ಕಡಿಮೆ. ನಗು ಒಂದು ತೂಕ ಹೆಚ್ಚಾದರೆ ಸತ್ತವಳಿಗೆ ಅವಮಾನವಾಗುತ್ತದೆ. ಅಳು ಒಂದು ತೂಕ ಹೆಚ್ಚಾದರೆ ಹೊಸ ಪ್ರೀತಿ ದ್ರೋಹದಂತೆ ಕಾಣುತ್ತದೆ. ಈ ಕಿರಿದಾದ ದಾರಿಯಲ್ಲಿ ಕಥೆ ಹೇಗೆ ನಡೆಯುತ್ತದೆ, ಮನೆಯ ಒಬ್ಬೊಬ್ಬರೂ ಅದರಲ್ಲಿ ಯಾವ ಭಾರ ಹೊರುತ್ತಾರೆ ಎಂಬುದನ್ನು ಬಿಡಿಸಿ ನೋಡಬೇಕು.

ತೊಡಕು ಎಲ್ಲಿದೆ ಎಂಬುದನ್ನು ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ಗುರುತಿಸಿದ್ದರು. ಕೆಲವು ರಸಗಳು ಒಂದೇ ಸೂರಿನಡಿ ಬಾಳುವುದಿಲ್ಲ. ಶೃಂಗಾರಕ್ಕೂ ಹಾಸ್ಯಕ್ಕೂ ಜಗಳವಿಲ್ಲ. ಶೃಂಗಾರದಿಂದಲೇ ಹಾಸ್ಯ ಹುಟ್ಟುತ್ತದೆ ಎನ್ನುತ್ತದೆ ಭರತನ ನಾಟ್ಯಶಾಸ್ತ್ರ. ಪ್ರೀತಿಸುವವರು ನಗೆಪಾಟಲಾಗುವುದು ಸಹಜ ತಾನೇ? ಕರುಣದ ವಿಷಯ ಹಾಗಲ್ಲ. ಅದು ಇವೆರಡಕ್ಕೂ ವಿರೋಧಿ. ಅದೇ ನಾಟ್ಯಶಾಸ್ತ್ರ ಇನ್ನೊಂದು ಸೂಕ್ಷ್ಮವನ್ನೂ ಹೇಳುತ್ತದೆ. ಅಗಲಿದ ಪ್ರೇಮಿಗಳ ದುಃಖವಾದ ವಿಪ್ರಲಂಭವೂ ಸಾವಿನ ದುಃಖವಾದ ಕರುಣವೂ ಹೊರನೋಟಕ್ಕೆ ಒಂದೇ ಥರ ಕಾಣುತ್ತವೆ. ಆದರೆ ವಿಪ್ರಲಂಭ ಸಾಪೇಕ್ಷ, ಅಲ್ಲಿ ಮತ್ತೆ ಸೇರುವ ಆಸೆ ಉಳಿದಿರುತ್ತದೆ. ಕರುಣ ನಿರಪೇಕ್ಷ, ಅಲ್ಲಿ ಆ ಆಸೆಯ ಬೇರೇ ಕಡಿದುಹೋಗಿದೆ. ಸಾಮಾನ್ಯ ಪ್ರಣಯ ಹಾಸ್ಯದ ನಾಯಕ ಮೊದಲ ಬಗೆಯವನು, ಎಷ್ಟೇ ಅತ್ತರೂ ನಾಯಕಿ ಎಲ್ಲೋ ಇದ್ದಾಳೆ. ವಿಧುರ ಎರಡನೆಯ ಬಗೆಯವನು. ಅವನು ಯಾರಿಗಾಗಿ ಹಂಬಲಿಸುತ್ತಿದ್ದಾನೋ ಅವಳು ಕೊನೆಯ ದೃಶ್ಯದಲ್ಲಿ ಬರಲಾರಳು.

ಹಾಗಾದರೆ ಈ ಹಗೆ ರಸಗಳನ್ನು ಒಟ್ಟಿಗೆ ಕೂರಿಸುವುದು ಹೇಗೆ? 9ನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನ ತನ್ನ ಧ್ವನ್ಯಾಲೋಕದಲ್ಲಿ ಇದಕ್ಕೆ ದಾರಿ ತೋರಿಸುತ್ತಾನೆ. ಎರಡನ್ನೂ ಸಮಸಮನಾಗಿ ಕೂರಿಸಬಾರದು, ಒಂದನ್ನು ಇನ್ನೊಂದರ ಅಂಗವಾಗಿಸಬೇಕು. ಅವನು ಎತ್ತಿಕೊಳ್ಳುವ ಉದಾಹರಣೆ ಮಹಾಭಾರತದ ಸ್ತ್ರೀಪರ್ವದ್ದು. ಯುದ್ಧ ಮುಗಿದ ಮೇಲೆ ಭೂರಿಶ್ರವಸನ ಹೆಂಡತಿ ಗಂಡನ ಕಡಿದುಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಒಡ್ಯಾಣವನ್ನು ಎಳೆಯುತ್ತಿದ್ದ ಕೈ ಇದೇ ಎಂದು ಗೋಳಿಡುತ್ತಾಳೆ. ಸರಸದ ನೆನಪು ಅಲ್ಲಿ ದುಃಖವನ್ನು ಕಡಿಮೆ ಮಾಡುವುದಿಲ್ಲ, ಇಮ್ಮಡಿಸುತ್ತದೆ. ಶೃಂಗಾರ ಕರುಣದ ಸೇವೆಗೆ ನಿಂತಿದೆ.

ವಿಧುರನ ಪ್ರಣಯ ಹಾಸ್ಯ ಇದನ್ನೇ ತಿರುಗುಮುರುಗಾಗಿಸುತ್ತದೆ. ಇಲ್ಲಿ ಕರುಣ ಶೃಂಗಾರದ ಅಂಗ. ಸತ್ತವಳ ನೆನಪು ಹೊಸ ಪ್ರೀತಿಯನ್ನು ತಡೆಯಲು ಬರುವುದಿಲ್ಲ, ಅದಕ್ಕೆ ಆಳ ಕೊಡಲು ಬರುತ್ತದೆ. ನೋರಾ ಎಫ್ರಾನ್ ನಿರ್ದೇಶಿಸಿದ 1993ರ ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’ ಚಿತ್ರದಲ್ಲಿ ಇದರ ಒಂದು ಪುಟ್ಟ ಮಾದರಿ ಇದೆ. ರಾತ್ರಿ ಕೆಟ್ಟ ಕನಸು ಕಂಡು ಎದ್ದ ಮಗ ಜೋನಾ, ಅಮ್ಮ ನನಗೆ ಮರೆತುಹೋಗುತ್ತಿದ್ದಾಳೆ ಎಂದು ತಂದೆಗೆ ಹೇಳುತ್ತಾನೆ. ತಂದೆ ಸ್ಯಾಮ್ ದೊಡ್ಡ ಸಾಂತ್ವನದ ಮಾತನ್ನೇನೂ ಆಡುವುದಿಲ್ಲ. ಅವಳು ಸೇಬಿನ ಸಿಪ್ಪೆಯನ್ನು ಎಲ್ಲಿಯೂ ತುಂಡಾಗದಂತೆ ಒಂದೇ ಉದ್ದನೆಯ ಸುರುಳಿಯಾಗಿ ಸುಲಿಯುತ್ತಿದ್ದಳು ಎನ್ನುತ್ತಾನೆ. ಚಿತ್ರದ ಇನ್ನೊಂದೆಡೆ, ದೇಶದ ಇನ್ನೊಂದು ತುದಿಯಲ್ಲಿ, ಸ್ಯಾಮ್‌ನನ್ನು ಇನ್ನೂ ನೋಡಿಯೇ ಇರದ ಆ್ಯನಿ ಅಡುಗೆಮನೆಯಲ್ಲಿ ಕುಳಿತು ಸೇಬು ಸುಲಿಯುತ್ತಿದ್ದಾಳೆ, ಸಿಪ್ಪೆ ಒಂದೇ ಸುರುಳಿಯಾಗಿ ಇಳಿಯುತ್ತದೆ. ಯಾರೂ ಅದನ್ನು ಎತ್ತಿ ಹೇಳುವುದಿಲ್ಲ. ಗಮನಿಸಿದವರಿಗೆ ಎದೆ ಝುಮ್ಮೆನ್ನುತ್ತದೆ. ತಾಯಿಯ ನೆನಪಾಗಿ ಬಂದ ಸಿಪ್ಪೆ ಹೊಸಬಳ ಪರಿಚಯವಾಗಿ ಮುಗಿದಿದೆ.

ದುಃಖದಲ್ಲಿದ್ದವರು ನಿಜಕ್ಕೂ ಹೀಗೆ ನಗಬಲ್ಲರೇ?

ಇದೆಲ್ಲ ಕಥೆಗಾರರ ಕೈಚಳಕ, ಬದುಕಿನಲ್ಲಿ ಹೀಗಾಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ದುಃಖದ ಬಗ್ಗೆ ನಮ್ಮಲ್ಲಿ ಹರಡಿರುವ ಒಂದು ಚಿತ್ರವೂ ಈ ಸಂಶಯಕ್ಕೆ ಇಂಬು ಕೊಡುತ್ತದೆ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದ ಐದು ಹಂತಗಳ ವಿಚಾರ ಎಲ್ಲೆಡೆ ಕೇಳಿಬರುತ್ತದೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಮೆಟ್ಟಿಲು ಹತ್ತಿದ ಹಾಗೆ ಒಂದೊಂದನ್ನೇ ದಾಟಿ, ಕೊನೆಯ ಮೆಟ್ಟಿಲಿನಲ್ಲಿ ನಗು ಸಿಗುತ್ತದೆ ಎಂಬ ಭಾವನೆ. ಆದರೆ ಅವರು ಅದನ್ನು ಕಂಡುಕೊಂಡದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳೊಡನೆ ಮಾತನಾಡಿ. ಉಳಿದವರ ದುಃಖಕ್ಕೆ ಅದನ್ನು ಅನ್ವಯಿಸಿದ್ದು ಆಮೇಲೆ.

ಉಳಿದವರ ದುಃಖವನ್ನೇ ನೇರವಾಗಿ ನೋಡಿದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಬೇರೊಂದು ವಿವರಣೆ ಕೊಟ್ಟರು. ಅವರ ಪ್ರಕಾರ ಸಂಗಾತಿಯನ್ನು ಕಳೆದುಕೊಂಡವರು ಎರಡು ದಿಕ್ಕುಗಳ ನಡುವೆ ಉಯ್ಯಾಲೆಯಾಡುತ್ತಾರೆ. ಒಂದು ಕಡೆ ಕಳೆದುಕೊಂಡದ್ದರ ಸೆಳೆತ: ಅಳು, ಹಂಬಲ, ಹಳೆಯ ಫೋಟೊಗಳು. ಇನ್ನೊಂದು ಕಡೆ ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಕೆಲಸ: ಬಿಲ್ ಕಟ್ಟುವುದು, ಹೊಸ ಜವಾಬ್ದಾರಿ ಕಲಿಯುವುದು, ಹೊಸ ಜನರನ್ನು ಸೇರುವುದು. ಆರೋಗ್ಯವಿರುವುದು ಯಾವುದೋ ಒಂದು ತುದಿಯಲ್ಲಲ್ಲ, ಈ ಓಲಾಟದಲ್ಲಿಯೇ.

ಒಂದು ಬೆಳಗ್ಗೆಯನ್ನು ಊಹಿಸಿಕೊಳ್ಳಿ. ಶಾಲೆಗೆ ಹೊತ್ತಾಗಿದೆ. ತಂದೆ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಾನೆ. ಮೂರು ಎಳೆಗಳಲ್ಲಿ ಒಂದು ಪ್ರತಿ ಸಲವೂ ಕೈಯಿಂದ ಜಾರುತ್ತದೆ. ಜಡೆ ಕಿವಿಯ ಮೇಲಿನಿಂದ ಶುರುವಾಗಿ ಹೆಗಲ ಕಡೆಗೆ ವಾಲಿಕೊಂಡಿದೆ. ಕನ್ನಡಿಯಲ್ಲಿ ನೋಡಿಕೊಂಡ ಮಗಳು ತಡೆಯಲಾರದೆ ನಗುತ್ತಾಳೆ, ಅವನೂ ನಗುತ್ತಾನೆ. ಆಗ ಬಾಚಣಿಗೆಯ ಹಲ್ಲುಗಳ ಸಂದಿಯಲ್ಲಿ, ಈ ಮನೆಯಲ್ಲಿ ಈಗ ಯಾರದ್ದೂ ಅಲ್ಲದ ಒಂದು ಉದ್ದನೆಯ ಕೂದಲು ಕಾಣುತ್ತದೆ. ಇಬ್ಬರೂ ಸುಮ್ಮನಾಗುತ್ತಾರೆ. ಹೊರಗೆ ಬಸ್ಸಿನ ಹಾರ್ನ್ ಕೇಳಿಸುತ್ತದೆ, ಇಬ್ಬರೂ ಓಡುತ್ತಾರೆ. ಎರಡು ನಿಮಿಷದಲ್ಲಿ ಉಯ್ಯಾಲೆ ಆ ತುದಿಗೆ ಹೋಗಿ ಈ ತುದಿಗೆ ಬಂತು. ಹಾಸ್ಯ ದೃಶ್ಯವೂ ಇದೇ, ಶೋಕ ದೃಶ್ಯವೂ ಇದೇ. ಒಳ್ಳೆಯ ಚಿತ್ರಕಥೆಗಾರರು ನಗುವನ್ನೂ ಅಳುವನ್ನೂ ಬೇರೆ ಬೇರೆ ದೃಶ್ಯಗಳಾಗಿ ಸಾಲಾಗಿ ಜೋಡಿಸದೆ ಒಂದೇ ಬಾಚಣಿಗೆಯಲ್ಲಿ ಸಿಕ್ಕಿಸುವುದು ಈ ಕಾರಣಕ್ಕೆ.

ಇನ್ನೊಂದು ತಿಳಿವಳಿಕೆಯೂ ಈ ಪ್ರಕಾರವನ್ನು ಅರ್ಥಮಾಡಿಕೊಳ್ಳಲು ಬೇಕು. ದುಃಖದ ಕೆಲಸವೆಂದರೆ ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದು ಎಂದು 1917ರ ಪ್ರಬಂಧವೊಂದರಲ್ಲಿ ಫ್ರಾಯ್ಡ್ ಬರೆದಿದ್ದ. ಬಹುಕಾಲ ಅದೇ ನಂಬಿಕೆ ನಡೆಯಿತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಕೃತಿಯೊಂದು ಇದಕ್ಕೆ ಎದುರಾಗಿ ನಿಂತಿತು. ಸತ್ತವರೊಡನೆ ನಂಟು ಕಡಿಯಬೇಕಾಗಿಲ್ಲ, ಅದು ರೂಪ ಬದಲಿಸಿ ಮುಂದುವರಿಯುತ್ತದೆ ಎಂಬುದು ಅದರ ವಾದ. ಫ್ರಾಯ್ಡ್‌ನ ಮಾತನ್ನು ನಂಬಿದರೆ ವಿಧುರನ ಪ್ರಣಯ ಹಾಸ್ಯದ ಕೊನೆಯಲ್ಲಿ ಫೋಟೊ ಗೋಡೆಯಿಂದ ಇಳಿಯಬೇಕು. ಎರಡನೆಯವರ ಮಾತನ್ನು ನಂಬಿದರೆ ಫೋಟೊ ಅಲ್ಲಿಯೇ ಇರಬೇಕು, ಮನೆ ಮಾತ್ರ ದೊಡ್ಡದಾಗಬೇಕು. ನನ್ನ ಮಟ್ಟಿಗೆ ಈ ಬಗೆಯ ಚಿತ್ರವೊಂದನ್ನು ಅಳೆಯುವ ಕೋಲು ಇದೇ. ನಾಯಕ ನಾಯಕಿ ಸೇರುತ್ತಾರೆಯೇ ಎಂಬುದು ಪ್ರಶ್ನೆಯೇ ಅಲ್ಲ, ಸೇರುತ್ತಾರೆ ಎಂದು ಟಿಕೆಟ್ ಕೊಳ್ಳುವಾಗಲೇ ಗೊತ್ತು. ಆ ಫೋಟೊ ಎಲ್ಲಿಗೆ ಹೋಗುತ್ತದೆ ಎಂಬುದು ಪ್ರಶ್ನೆ.

ತಂದೆ ಹುಡುಗನಾಗುತ್ತಾನೆ, ಮಕ್ಕಳು ಹಿರಿಯರಾಗುತ್ತಾರೆ

ಹಾಸ್ಯ ನಾಟಕದ ಬಹಳ ಹಳೆಯ ಎಲುಬುಗೂಡು ಒಂದಿದೆ. ಗ್ರೀಸಿನ ಮೆನಾಂಡರ್, ರೋಮಿನ ಪ್ಲಾಟಸ್ ಮತ್ತು ಟೆರೆನ್ಸ್ ಇವರ ನಾಟಕಗಳಲ್ಲಿ ಅದನ್ನು ಕಾಣಬಹುದು: ಹುಡುಗ ಹುಡುಗಿ ಪ್ರೀತಿಸುತ್ತಾರೆ, ಮನೆಯ ಹಿರಿಯ ಅಡ್ಡ ಬರುತ್ತಾನೆ, ಕೊನೆಗೆ ಹಿರಿಯ ಸೋತು ಮದುವೆಯ ಊಟವಾಗುತ್ತದೆ. ವಿಮರ್ಶಕ ನಾರ್ತ್ರಪ್ ಫ್ರೈ 1957ರಲ್ಲಿ ಈ ಗೂಡನ್ನು ಬಿಡಿಸಿಟ್ಟು, ಹಾಸ್ಯದ ಕೊನೆಯಲ್ಲಿ ಒಂದು ಜೋಡಿ ಮಾತ್ರವಲ್ಲ, ಅದರ ಸುತ್ತ ಒಂದು ಹೊಸ ಸಮಾಜವೇ ಹುಟ್ಟುತ್ತದೆ ಎಂದು ತೋರಿಸಿದ.

ವಿಧುರನ ಕಥೆ ಈ ಗೂಡನ್ನು ತಲೆಕೆಳಗು ಮಾಡುತ್ತದೆ. ಪ್ರೀತಿಗೆ ಬಿದ್ದವನು ಇಲ್ಲಿ ತಂದೆ. ಅಡ್ಡ ಬರಬಹುದಾದ ಹಿರಿಯರು ಅವನ ಮಕ್ಕಳು. ಎಲ್ಲಿಗೆ ಹೋಗಿದ್ದೆ, ಯಾಕೆ ತಡವಾಯಿತು, ಆ ಅಂಗಿ ಯಾರಿಗಾಗಿ ಎಂದು ಹದಿನಾರರ ಮಗಳು ಕೇಳುತ್ತಾಳೆ. ನಲವತ್ತೈದರ ತಂದೆ ಸುಳ್ಳು ಹುಡುಕುತ್ತಾನೆ. ನಗುವಿನ ಅರ್ಧ ಭಾಗ ಈ ತಿರುವಿನಲ್ಲೇ ಇದೆ. ಇನ್ನರ್ಧ, ಆ ಮಗಳಿಗೆ ಈ ಹಿರಿತನ ಬಂದದ್ದು ಹೇಗೆ ಎಂಬುದರಲ್ಲಿದೆ. ತಾಯಿ ಹೋದ ಮೇಲೆ ತಮ್ಮನ ಟಿಫಿನ್ ಡಬ್ಬಿ ತುಂಬಿದವಳು ಅವಳು, ಅಪ್ಪನ ಮಾತ್ರೆಗಳ ಲೆಕ್ಕ ಇಟ್ಟವಳು ಅವಳು. ಬಾಲ್ಯವನ್ನು ಕೊಟ್ಟು ಆ ಸ್ಥಾನವನ್ನು ಪಡೆದವಳು, ಬಾಗಿಲಿಗೆ ಬಂದ ಹೊಸಬಳಿಗೆ ಅದನ್ನು ಸುಲಭವಾಗಿ ಹೇಗೆ ಬಿಟ್ಟುಕೊಟ್ಟಾಳು? ಅವಳ ಮುನಿಸನ್ನು ಬರೀ ಹಟವೆಂದು ತೋರಿಸುವ ಚಿತ್ರ ನನಗೆ ಕೋಪ ತರಿಸುತ್ತದೆ.

2007ರ ‘ಡ್ಯಾನ್ ಇನ್ ರಿಯಲ್ ಲೈಫ್’ ಈ ತಿರುವನ್ನು ಚೆನ್ನಾಗಿ ಬಳಸಿಕೊಂಡಿದೆ. ಡ್ಯಾನ್ ಪತ್ರಿಕೆಯಲ್ಲಿ ಕುಟುಂಬ ಜೀವನದ ಬಗ್ಗೆ ಸಲಹೆಯ ಅಂಕಣ ಬರೆಯುವವನು, ಮೂವರು ಹೆಣ್ಣುಮಕ್ಕಳ ವಿಧುರ ತಂದೆ. ನಡುವಿನ ಮಗಳು ಕಾರಾ ಒಬ್ಬ ಹುಡುಗನನ್ನು ಪ್ರೀತಿಸುತ್ತಾಳೆ. ಕೆಲವೇ ದಿನಗಳ ಪರಿಚಯದಲ್ಲಿ ಎಂಥ ಪ್ರೀತಿ ಎಂದು ಡ್ಯಾನ್ ತಡೆಯುತ್ತಾನೆ, ಅವಳು ಅವನನ್ನು ಪ್ರೀತಿಯ ಕೊಲೆಗಾರ ಎಂದು ಕೂಗುತ್ತಾಳೆ. ಅದೇ ಡ್ಯಾನ್ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಮರೀ ಎಂಬವಳಿಗೆ ಒಂದೇ ಭೇಟಿಯಲ್ಲಿ ಮನಸೋಲುತ್ತಾನೆ. ಮನೆಗೆ ಬಂದು ನೋಡಿದರೆ ಅವಳು ತಮ್ಮನ ಗೆಳತಿ. ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ ಸಂಗತಿ ಒಂದಿದೆ. ಹಬ್ಬದಂತೆ ನೆರೆದ ಆ ಕುಟುಂಬದಲ್ಲಿ ಜೋಡಿಯಾಗಿ ಬಂದವರಿಗೆಲ್ಲ ಕೋಣೆಗಳಿವೆ, ಒಂಟಿಯಾದ ಡ್ಯಾನ್‌ಗೆ ಸಿಗುವುದು ಬಟ್ಟೆ ಒಗೆಯುವ ಯಂತ್ರವಿರುವ ಕೋಣೆ. ಅವನು ಮಡಚುವ ಮಂಚದ ಮೇಲೆ ಮಲಗಿದ್ದಾನೆ, ಪಕ್ಕದಲ್ಲಿ ಯಂತ್ರ ಗಡಗಡ ಅನ್ನುತ್ತಿದೆ. ಅವನ ಮೇಲೆ ಯಾರಿಗೂ ಅಕ್ಕರೆ ಕಡಿಮೆಯಿಲ್ಲ. ಆದರೂ ಸಂಗಾತಿಯಿಲ್ಲದವನ ಜಾಗ ಯಾವುದು ಎಂಬುದು ಯಾರೂ ಯೋಚಿಸದೆ ತೀರ್ಮಾನವಾಗಿಹೋಗಿದೆ. ನಗು ಬರುತ್ತದೆ, ಜೊತೆಗೇ ಗಂಟಲು ಕಟ್ಟುತ್ತದೆ.

ಚಿಕ್ಕ ಮಕ್ಕಳ ಪಾತ್ರ ಬೇರೆ. ಅವರು ಹೆಚ್ಚಾಗಿ ಮದುವೆಯ ದಲ್ಲಾಳಿಗಳು. ‘ಸ್ಲೀಪ್‌ಲೆಸ್ ಇನ್ ಸಿಯಾಟಲ್’ನಲ್ಲಿ ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಅಪ್ಪನಿಗೆ ಹೊಸ ಹೆಂಡತಿ ಬೇಕು ಎಂದು ಹೇಳುವವನು ಎಂಟು ವರ್ಷದ ಜೋನಾ. ಮಗುವನ್ನು ಮುಂದಿಡುವುದರಲ್ಲಿ ಕಥೆಗಾರನಿಗೆ ದೊಡ್ಡ ಲಾಭವಿದೆ. ತಂದೆಯೇ ಹೆಣ್ಣು ಹುಡುಕಲು ಹೊರಟರೆ ಇಷ್ಟು ಬೇಗ ಮರೆತನೇ ಎಂದು ನೋಡುವವರಿಗೆ ಅನ್ನಿಸುತ್ತದೆ. ಮಗು ಹುಡುಕಿದರೆ ಆ ತಪ್ಪು ಯಾರ ಮೇಲೂ ಬೀಳುವುದಿಲ್ಲ. ಆದರೆ ಇದರ ಹಿಂದೆ ಲಾಭಕ್ಕಿಂತ ದೊಡ್ಡ ಸತ್ಯವೊಂದಿದೆ. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ಅಜ ಮಹಾರಾಜ ಹೆಂಡತಿ ಇಂದುಮತಿಯನ್ನು ಕಳೆದುಕೊಳ್ಳುತ್ತಾನೆ. ಮಗ ದಶರಥ ಇನ್ನೂ ಎಳೆಯ. ಅವನಿಗಾಗಿ ಅಜ ಎಂಟು ವರ್ಷ ಬದುಕುತ್ತಾನೆ. ಅವಳ ಚಿತ್ರವನ್ನು ನೋಡುತ್ತ, ಕನಸಿನ ಕ್ಷಣಿಕ ಸಮಾಗಮಗಳಲ್ಲಿ ಸುಖಿಸುತ್ತ ಆ ವರ್ಷಗಳನ್ನು ನೂಕುತ್ತಾನೆ. ಮಗ ದೊಡ್ಡವನಾದ ಕೂಡಲೇ ದೇಹ ಬಿಡುತ್ತಾನೆ. ಓದುವಾಗ ಅಜನ ಪ್ರೀತಿಗೆ ತಲೆಬಾಗುತ್ತೇವೆ. ಆದರೆ ಆ ಎಂಟು ವರ್ಷ ದಶರಥ ಯಾವ ಮನೆಯಲ್ಲಿ ಬೆಳೆದ? ತನಗಾಗಿ ಮಾತ್ರ ಉಸಿರಾಡುತ್ತಿರುವ ತಂದೆಯ ಮುಖವನ್ನು ದಿನವೂ ನೋಡುವ ಮಗುವಿನ ಹೆಗಲ ಮೇಲೆ ಎಷ್ಟು ಭಾರ? ರೇಡಿಯೊಗೆ ಫೋನ್ ಮಾಡುವ ಜೋನಾ ಆ ಭಾರವನ್ನು ಇಳಿಸಿಕೊಳ್ಳಲು ಹೊರಟ ದಶರಥ. ಅಪ್ಪ ರಾತ್ರಿ ನಿದ್ದೆ ಮಾಡುವುದಿಲ್ಲ ಎಂಬುದು ಮಗುವಿಗೆ ಗೊತ್ತು.

ಎರಡು ಮುರಿದ ಮನೆಗಳು ಸೇರುವ ಕಥೆಗಳಲ್ಲಿ ಹಾಸ್ಯ ಇನ್ನಷ್ಟು ನೇರ, ಅದು ತಲೆ ಎಣಿಕೆಯ ಹಾಸ್ಯ. 1968ರ ‘ಯುವರ್ಸ್, ಮೈನ್ ಆ್ಯಂಡ್ ಅವರ್ಸ್’ನಲ್ಲಿ ಹತ್ತು ಮಕ್ಕಳ ವಿಧುರ ಎಂಟು ಮಕ್ಕಳ ವಿಧವೆಯನ್ನು ಮದುವೆಯಾಗುತ್ತಾನೆ, ಅದಕ್ಕೆ ನಿಜಜೀವನದ ಕುಟುಂಬವೊಂದರ ಆಧಾರವಿತ್ತು. ಬಾಸು ಚಟರ್ಜಿಯವರ 1978ರ ‘ಖಟ್ಟಾ ಮೀಠಾ’ದಲ್ಲಿ ಅಶೋಕ್ ಕುಮಾರ್ ಮತ್ತು ಪರ್ಲ್ ಪದಮ್‌ಸೀ ಅಂಥದ್ದೇ ಪಾರ್ಸಿ ಜೋಡಿ. ಸ್ನಾನದ ಮನೆಯ ಮುಂದಿನ ಸಾಲು, ಮಂಚದ ಜಗಳ, ಯಾರ ತಾಯಿ ಯಾರಿಗೆ ಬಡಿಸಿದಳು ಎಂಬ ಲೆಕ್ಕ, ಇಂಥವು ಕಥೆಯನ್ನು ನಡೆಸುತ್ತವೆ. ಸಾವು ಅಲ್ಲಿ ಹಿನ್ನೆಲೆಗೆ ಸರಿಯುತ್ತದೆ.

ವಿಧುರನೇ ಯಾಕೆ?

ವಿಚ್ಛೇದಿತನೂ ಎರಡನೆಯ ಸಲ ಪ್ರೀತಿಸುತ್ತಾನೆ. ಆದರೂ ಪ್ರಣಯ ಹಾಸ್ಯಕ್ಕೆ ವಿಧುರನ ಮೇಲೆ ವಿಶೇಷ ಒಲವು. ಕಾರಣ ಸರಳ. ವಿಚ್ಛೇದನದಲ್ಲಿ ತಪ್ಪು ಯಾರದು ಎಂಬ ಪ್ರಶ್ನೆ ಏಳುತ್ತದೆ, ಹಳೆಯ ಹೆಂಡತಿಗೆ ಅವಳದ್ದೇ ಆದ ಒಂದು ಕಥೆ ಇರುತ್ತದೆ. ವಿಧುರ ನಿರಪರಾಧಿ. ಅವನು ಒಬ್ಬಳನ್ನು ಕೊನೆಯವರೆಗೆ ಪ್ರೀತಿಸಿದ್ದ ಎಂಬುದಕ್ಕೆ ಸಾವೇ ಸಾಕ್ಷಿ. 2006ರ ‘ದಿ ಹಾಲಿಡೇ’ ಚಿತ್ರ ಈ ಒಲವನ್ನು ಒಂದು ಉಪಾಯವಾಗಿ ಬಳಸುತ್ತದೆ. ಗ್ರಹಾಮ್‌ನ ಫೋನಿಗೆ ಸೋಫಿ, ಒಲಿವಿಯಾ ಎಂಬ ಹೆಸರುಗಳಿಂದ ಕರೆ ಬರುತ್ತಿರುವುದನ್ನು ಕಂಡು ಅಮಾಂಡಾ ಅವನನ್ನು ಹೆಣ್ಣುಗಳ ಹಿಂದೆ ಸುತ್ತುವವನೆಂದು ತಿಳಿಯುತ್ತಾಳೆ. ಅವನ ಮನೆಯ ಬಾಗಿಲು ತಟ್ಟಿದಾಗ ಸೋಫಿ ಮತ್ತು ಒಲಿವಿಯಾ ಅವನ ಪುಟ್ಟ ಹೆಣ್ಣುಮಕ್ಕಳೆಂದೂ ಅವನು ವಿಧುರನೆಂದೂ ತಿಳಿಯುತ್ತದೆ. ಒಂದೇ ಕ್ಷಣದಲ್ಲಿ ಅವನ ಮೇಲಿನ ಸಂಶಯವೆಲ್ಲ ಕರಗಿಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಗಂಡನನ್ನು ಕಳೆದುಕೊಂಡವಳ ಕಥೆಗೆ ಈ ಹಗುರ ಸಿಗುವುದು ಕಡಿಮೆ. ಅವಳ ಮರುಪ್ರೀತಿ ಸಾಮಾಜಿಕ ಸಮಸ್ಯೆಯಾಗಿ, ಹೋರಾಟವಾಗಿ ತೆರೆಗೆ ಬಂದಷ್ಟು ನಗುವಾಗಿ ಬಂದಿಲ್ಲ. ಕನ್ನಡದಲ್ಲಿಯೇ ನೋಡಿ, ‘ವಿಧವೆ’ ಎಂಬ ಪದ ಎಲ್ಲರ ಬಾಯಲ್ಲಿದೆ, ಬೈಗುಳದಲ್ಲಿಯೂ ಅದರ ಬಂಧುಗಳಿವೆ. ‘ವಿಧುರ’ ಅರ್ಜಿ ನಮೂನೆಯಲ್ಲಿ, ಪುಸ್ತಕದಲ್ಲಿ ಸಿಗುವ ಪದ. ಹೆಂಡತಿ ಸತ್ತರೆ ಗಂಡಸಿನ ಹೆಸರೇ ಬದಲಾಗುವುದಿಲ್ಲ ಎಂಬಂತೆ. ವಿಧವೆಯರಿಗಿಂತ ವಿಧುರರು ಹೆಚ್ಚಾಗಿ ಮತ್ತು ಬೇಗ ಮರುಮದುವೆಯಾಗುತ್ತಾರೆ ಎಂಬುದು ಅನೇಕ ದೇಶಗಳಲ್ಲಿ ಕಂಡುಬಂದ ಸಂಗತಿ. ಪ್ರಕಾರದ ಹಗುರಕ್ಕೆ ಈ ಅಸಮಾನತೆಯೂ ಒಂದು ಕಾಲು ಕೊಟ್ಟಿದೆ. ಅದನ್ನು ಮರೆತು ಈ ಕಥೆಗಳನ್ನು ಮೆಚ್ಚುವುದು ನನ್ನಿಂದಾಗದು.

ಹೊಸಬಳು, ಹಳಬಳು, ಹಳಬಳ ತಾಯಿ

ಸತ್ತವರು ತಪ್ಪು ಮಾಡುವುದಿಲ್ಲ. ಸಾರಿಗೆ ಉಪ್ಪು ಹೆಚ್ಚು ಹಾಕುವುದಿಲ್ಲ, ಸಿಡುಕುವುದಿಲ್ಲ, ವಯಸ್ಸಾಗುವುದಿಲ್ಲ. ಹೊಸಬಳು ಹೋಲಿಕೆಗೆ ನಿಲ್ಲಬೇಕಾದದ್ದು ಇಂಥವಳ ಜೊತೆ. ಇದೇ ಸನ್ನಿವೇಶ ಭಯದ ಕಡೆಗೆ ಹೊರಳಿದರೆ ಏನಾಗುತ್ತದೆ ಎಂಬುದಕ್ಕೆ ಡಾಫ್ನೆ ಡು ಮೊರಿಯೆಯ 1938ರ ಕಾದಂಬರಿ ‘ರೆಬೆಕ್ಕಾ’ ಇದೆ. ಅಲ್ಲಿ ಸತ್ತ ಮೊದಲ ಹೆಂಡತಿಯ ಹೆಸರೇ ಪುಸ್ತಕದ ಹೆಸರು, ಕಥೆ ಹೇಳುವ ಎರಡನೆಯ ಹೆಂಡತಿಗೆ ಕೊನೆಯವರೆಗೂ ಹೆಸರೇ ಇಲ್ಲ. ಮನೆವಾರ್ತೆ ನೋಡಿಕೊಳ್ಳುವ ಡ್ಯಾನ್ವರ್ಸ್ ಸತ್ತವಳ ಕೋಣೆಯನ್ನು ಗುಡಿಯಂತೆ ಕಾಯುತ್ತಾಳೆ. ವಿಧುರ, ದೊಡ್ಡ ಮನೆ, ಹೊಸಬಳು, ಕಾವಲುಗಾರ್ತಿ, ಸಾಮಗ್ರಿಯೆಲ್ಲ ಅದೇ. ವ್ಯತ್ಯಾಸ ಒಂದೇ. ಭಯದ ಕಥೆಯಲ್ಲಿ ಸತ್ತವಳ ಬಗ್ಗೆ ಗಂಡ ಬಾಯಿ ಬಿಡುವುದಿಲ್ಲ. ಹಾಸ್ಯದಲ್ಲಿ ಯಾರಾದರೊಬ್ಬರು ಅವಳ ಹೆಸರನ್ನು ಊಟದ ಮೇಜಿನಲ್ಲಿ ಎತ್ತುತ್ತಾರೆ. ಮಾತಾಡಲಾಗದ ಸಾವು ಭೂತವಾಗುತ್ತದೆ, ಮಾತಾಡಿದ ಸಾವು ಮನೆಯವರಲ್ಲೊಬ್ಬರಾಗುತ್ತದೆ.

ಕುಟುಂಬದಲ್ಲಿ ಎಲ್ಲರಿಗಿಂತ ನಾಜೂಕಿನ ಪಾತ್ರ ಸತ್ತವಳ ತಾಯಿಯದು. ಬಹುಪಾಲು ಚಿತ್ರಗಳು ಅವಳನ್ನು ಬಿಟ್ಟುಬಿಡುತ್ತವೆ, ಇಲ್ಲವೇ ಮುಖ ಸಿಂಡರಿಸುವ ಅತ್ತೆಯನ್ನಾಗಿ ಮಾಡುತ್ತವೆ. ಲೆಕ್ಕ ಹಾಕಿ ನೋಡಿ: ಅಳಿಯನಿಗೆ ಇನ್ನೊಬ್ಬಳು ಹೆಂಡತಿ ಸಿಗಬಹುದು, ಮೊಮ್ಮಕ್ಕಳಿಗೆ ಇನ್ನೊಬ್ಬಳು ತಾಯಿಯಂಥವಳು ಸಿಗಬಹುದು, ಅವಳಿಗೆ ಇನ್ನೊಬ್ಬಳು ಮಗಳು ಸಿಗುವುದಿಲ್ಲ. ಎಲ್ಲರ ನಷ್ಟಕ್ಕೂ ಕಥೆಯಲ್ಲಿ ಪರಿಹಾರವಿದೆ, ಅವಳದಕ್ಕಿಲ್ಲ. ಜೊತೆಗೆ ಹೊಸಬಳು ಬಂದ ಮೇಲೆ ಆ ಮನೆಗೆ ಬಂದುಹೋಗುವ ಹಕ್ಕು ತನಗೆ ಉಳಿದೀತೇ ಎಂಬ ಅಳುಕು. ಅವಳ ಮುನಿಸಿನ ಒಳಗಿರುವ ಈ ಅಳುಕನ್ನು ಕಂಡ ಕಥೆಗಾರ, ಕೊನೆಯಲ್ಲಿ ಅವಳ ಕೈಯಿಂದಲೇ ಒಪ್ಪಿಗೆ ಕೊಡಿಸುತ್ತಾನೆ. ಹಾಗೆ ಬಂದ ಒಪ್ಪಿಗೆಗೆ ಇರುವ ತೂಕ ಬೇರೆ ಯಾರದಕ್ಕೂ ಇರುವುದಿಲ್ಲ.

ಒಪ್ಪಿಗೆಯ ಮಾತು ಬಂದಾಗ ಸತ್ತವಳ ಒಪ್ಪಿಗೆಯ ವಿಷಯವೂ ಬರುತ್ತದೆ. ಕರಣ್ ಜೋಹರ್ ಅವರ 1998ರ ‘ಕುಛ್ ಕುಛ್ ಹೋತಾ ಹೈ’ಯಲ್ಲಿ ತಾಯಿ ಟೀನಾ ಸಾಯುವ ಮೊದಲು ಮಗಳಿಗೆ ಎಂಟು ಪತ್ರ ಬರೆದಿಡುತ್ತಾಳೆ, ವರ್ಷಕ್ಕೊಂದು. ಎಂಟನೆಯದರಲ್ಲಿ ಅಪ್ಪನ ಹಳೆಯ ಗೆಳತಿಯ ಕಥೆಯಿದೆ, ಅವಳನ್ನು ಅಪ್ಪನ ಬಾಳಿಗೆ ಮರಳಿಸುವ ಹೊಣೆ ಮಗಳದಾಗುತ್ತದೆ. ಸತ್ತವಳೇ ಮದುವೆ ಮಾಡಿಸುತ್ತಾಳೆ. ಉಪಾಯ ಜಾಣತನದ್ದು, ನೋಡುವವರ ಪಾಪಪ್ರಜ್ಞೆಯನ್ನು ಪೂರ್ತಿ ತೊಳೆದುಬಿಡುತ್ತದೆ. ನನಗೆ ಅದೇ ತೊಂದರೆಯಾಗಿ ಕಾಣುತ್ತದೆ. ಪತ್ರ ಬರೆಯದೆ, ಏನೂ ಹೇಳದೆ, ಒಂದು ಸಂಜೆ ಇದ್ದಕ್ಕಿದ್ದಂತೆ ಹೋದವರೇ ಹೆಚ್ಚು. ಅಂಥವರ ಗಂಡಂದಿರು ಯಾರ ಅನುಮತಿ ಕೇಳಬೇಕು?

ಅದಕ್ಕೆ ಉತ್ತರವಾಗಬಲ್ಲ ಒಂದು ದೃಶ್ಯ ನನಗೆ ಸಿಕ್ಕಿದ್ದು ಸಂಸ್ಕೃತ ನಾಟಕಕಾರ ಭಾಸನ ‘ಸ್ವಪ್ನವಾಸವದತ್ತ’ದಲ್ಲಿ. ಬಹುಕಾಲ ಹೆಸರಷ್ಟೇ ಉಳಿದಿದ್ದ ಈ ನಾಟಕವನ್ನು ಟಿ. ಗಣಪತಿ ಶಾಸ್ತ್ರಿಗಳು 1912ರಲ್ಲಿ ತಿರುವನಂತಪುರದಿಂದ ಪ್ರಕಟಿಸಿದರು. ವಾಸವದತ್ತೆ ಬೆಂಕಿಯಲ್ಲಿ ಸತ್ತಳೆಂದು ನಂಬಿದ ಉದಯನ ರಾಜ ಮಗಧದ ಪದ್ಮಾವತಿಯನ್ನು ಮದುವೆಯಾಗುತ್ತಾನೆ. ನಿಜಕ್ಕೂ ವಾಸವದತ್ತೆ ಸತ್ತಿಲ್ಲ. ಮಂತ್ರಿಯ ತಂತ್ರದಂತೆ ಆವಂತಿಕೆ ಎಂಬ ಹೆಸರಿನಲ್ಲಿ ಪದ್ಮಾವತಿಯ ಆಶ್ರಯದಲ್ಲಿಯೇ ಇದ್ದಾಳೆ. ಪದ್ಮಾವತಿಯ ಮದುವೆಯ ಮಾಲೆಯನ್ನು ಕಟ್ಟುವ ಕೆಲಸವೂ ಅವಳ ಪಾಲಿಗೇ ಬರುತ್ತದೆ. ಹೆಂಡತಿ ಬದುಕಿರುವುದರಿಂದ ಮತ್ತು ರಾಜನಿಗೆ ಇಬ್ಬರು ರಾಣಿಯರಿರಬಹುದಾದ್ದರಿಂದ ನಾಟಕಕ್ಕೆ ಸುಲಭದ ಕೊನೆ ಸಿಕ್ಕಿತು, ಇಂದಿನ ಕಥೆಗಾರನಿಗೆ ಆ ಸೌಲಭ್ಯವಿಲ್ಲ. ಆದರೆ ಕೊನೆ ಬರುವ ಮೊದಲು ಭಾಸ ಈ ಪ್ರಕಾರದ ಎಲ್ಲ ಗಂಟುಗಳನ್ನೂ ಒಂದೇ ತೋಟದಲ್ಲಿ ಇಡುತ್ತಾನೆ.

ನಾಲ್ಕನೆಯ ಅಂಕ. ಪದ್ಮಾವತಿ, ಆವಂತಿಕೆಯ ವೇಷದ ವಾಸವ­ದತ್ತೆ ಮತ್ತು ಸಖಿ ಲತಾಮಂಟಪದ ಒಳಗಿದ್ದಾರೆ. ಹೊರಗೆ ರಾಜನೂ ವಿದೂಷಕನೂ ಕುಳಿತಿದ್ದಾರೆ. ವಿದೂಷಕ ಕೇಳಬಾರದ್ದನ್ನೇ ಕೇಳುತ್ತಾನೆ: ನಿನಗೆ ಯಾರು ಹೆಚ್ಚು ಇಷ್ಟ, ಅಂದಿನ ವಾಸವದತ್ತೆಯೋ ಇಂದಿನ ಪದ್ಮಾವತಿಯೋ? ರಾಜ ನುಣುಚಿಕೊಳ್ಳಲು ನೋಡುತ್ತಾನೆ, ವಿದೂಷಕ ಬಿಡುವುದಿಲ್ಲ. ಕೊನೆಗೆ ರಾಜ ಹೇಳುತ್ತಾನೆ: ರೂಪ, ಶೀಲ, ಮಾಧುರ್ಯಗಳಿಂದಾಗಿ ಪದ್ಮಾವತಿಯ ಮೇಲೆ ನನಗೆ ಬಹಳ ಗೌರವ, ಆದರೆ ವಾಸವದತ್ತೆಯಲ್ಲಿ ನೆಟ್ಟ ಮನಸ್ಸನ್ನು ಅವಳು ಸೆಳೆದುಕೊಂಡಿಲ್ಲ. ಮಂಟಪದೊಳಗೆ ಇಬ್ಬರಿಗೂ ಕೇಳಿಸಿದೆ. ರಾಜ ದಾಕ್ಷಿಣ್ಯವಿಲ್ಲದವನು ಎಂದು ಸಖಿ ಸಿಟ್ಟಾಗುತ್ತಾಳೆ. ಪದ್ಮಾವತಿ ಅವಳನ್ನು ತಡೆಯುತ್ತಾಳೆ. ಹಾಗೆನ್ನಬೇಡ, ಅವರು ದಾಕ್ಷಿಣ್ಯವುಳ್ಳವರೇ, ಈಗಲೂ ವಾಸವದತ್ತೆಯ ಗುಣಗಳನ್ನು ನೆನೆಯುತ್ತಾರಲ್ಲ ಎನ್ನುತ್ತಾಳೆ. ಆಮೇಲೆ ರಾಜನ ಕಣ್ಣು ತುಂಬಿರುವುದು ಅವಳ ಎದುರಿಗೇ ಬಯಲಾದಾಗ, ಕಾಶದ ಹೂವಿನ ಪರಾಗ ಕಣ್ಣಿಗೆ ಬಿತ್ತು ಎಂದು ವಿದೂಷಕ ನೆಪ ಹೇಳುತ್ತಾನೆ. ಎಲ್ಲ ತಿಳಿದ ಪದ್ಮಾವತಿ ಮುಖ ತೊಳೆಯಲು ನೀರು ಕೊಡುತ್ತಾಳೆ. ಇವನು ಸತ್ತವಳನ್ನು ಮರೆಯದವನು, ಆದ್ದರಿಂದಲೇ ಪ್ರೀತಿಗೆ ಅರ್ಹ ಎಂದು ಹೊಸಬಳು ತಾನಾಗಿ ಕಂಡುಕೊಳ್ಳುವ ಇಂಥದೊಂದು ಕ್ಷಣವಿಲ್ಲದೆ ವಿಧುರನ ಪ್ರಣಯ ಹಾಸ್ಯ ನಿಲ್ಲುವುದಿಲ್ಲ.

ಆರನೆಯ ಅಂಕದಲ್ಲಿ ಅತ್ತೆಯ ಸರದಿ ಬರುತ್ತದೆ. ವಾಸವದತ್ತೆಯ ತಾಯಿ ಅಂಗಾರವತಿ ಉಜ್ಜಯಿನಿಯಿಂದ ದಾದಿಯ ಕೈಯಲ್ಲಿ ಸಂದೇಶ ಕಳಿಸಿದ್ದಾಳೆ: ಮಗಳು ಹೋದಳು, ಆದರೂ ನೀನು ನಮಗೆ ನಮ್ಮ ಗಂಡುಮಕ್ಕಳಂತೆಯೇ. ಮದುವೆಯ ಶಾಸ್ತ್ರ ನಡೆಯುವ ಮೊದಲೇ ನೀವಿಬ್ಬರೂ ಹೊರಟುಹೋದಿರಿ. ನಿಮ್ಮಿಬ್ಬರ ಚಿತ್ರ ಬರೆಯಿಸಿ, ಆ ಚಿತ್ರಗಳಿಗೇ ಮದುವೆ ಮಾಡಿದೆವು. ಈಗ ಅದನ್ನು ಕಳಿಸಿದ್ದೇವೆ, ನೋಡಿ ಸಮಾಧಾನ ಮಾಡಿಕೋ.

ಚಿತ್ರಫಲಕವನ್ನು ತೆರೆಯುತ್ತಾರೆ. ರಾಜನ ಪಕ್ಕದಲ್ಲಿ ಕುಳಿತ ಪದ್ಮಾವತಿ ಮುಖ ತಿರುಗಿಸಿಕೊಳ್ಳುವುದಿಲ್ಲ. ಹಿರಿಯಳಿಗೆ ವಂದಿಸಬೇಕು, ತೋರಿಸಿ ಎನ್ನುತ್ತಾಳೆ. ನೋಡುತ್ತಾಳೆ, ಬೆಚ್ಚುತ್ತಾಳೆ. ಚಿತ್ರದಲ್ಲಿರುವ ರಾಜನ ಮುಖ ಎದುರಿಗಿರುವ ರಾಜನಿಗೆ ಹೋಲುತ್ತದೆಯೇ ಎಂದು ಮೊದಲು ನೋಡಿಕೊಳ್ಳುತ್ತಾಳೆ. ಹೋಲುತ್ತದೆ. ಹಾಗಾದರೆ ಇವಳ ಚಿತ್ರವೂ ಸರಿಯಾಗಿಯೇ ಇರಬೇಕು. ಆಮೇಲೆ ಗಂಡನ ಕಡೆಗೆ ತಿರುಗಿ, ಈ ರೂಪದವಳೊಬ್ಬಳು ಇಲ್ಲಿಯೇ ಇದ್ದಾಳೆ ಎನ್ನುತ್ತಾಳೆ.